ಬಾಡಿಗೆ ಟಾಯರು

ಖಾನಾಪುರದಿಂದ ಬೆಳಗಾವಿಗೆ ಜನರನ್ನು ಸಾಗಿಸುವ ಗೌರೀಶನ ಟೆಂಪೋವನ್ನು ಬಹಳ ವರ್ಷ ಓಡಿಸಿದವನು ಪೀರನವಾಡಿಯ ಶಬ್ಬೀರ. ಗೌರೀಶನ ಮನೆ ಟಿಳಕವಾಡಿಯಲ್ಲಿ. ತನ್ನ ಟೆಂಪೋದಲ್ಲಿ ಅವನು ಒಮ್ಮೆಯೂ ಕೂತವನಲ್ಲ. ಟಾಯರುಗಳು ನುಣ್ಣಗಾಗಿ, ಒಂದರಲ್ಲಿ ತಂತಿಯೇ ಹೊರಬಂದಿತ್ತು. ಶಬ್ಬೀರ ಹೇಳಿದಾಗಲೆಲ್ಲ, "ಪಾಸಿಂಗ್ ಬರ್ಲಿ, ಹಾಕಸೂಣು" ಎನ್ನುತ್ತಿದ್ದ.

ಪಾಸಿಂಗ್ ಬಂತು. ಸರ್ಕಾರಿ ತಪಾಸಣೆಯ ಹಿಂದಿನ ದಿನ ಗೌರೀಶ ಹೊಸ ಟಾಯರು ಕಳಿಸಿದ. ಶಬ್ಬೀರ ಪೀರನವಾಡಿಯ ಪಂಕ್ಚರ್ ಅಂಗಡಿಯಲ್ಲಿ ನಿಂತು ಖುಷಿಯಿಂದ ಹಾಕಿಸಿದ. ಮರುದಿನ ಅಧಿಕಾರಿ ಬಗ್ಗಿ ಒಂದೊಂದೇ ಗಾಲಿ ನೋಡಿ, "ಗಾಡಿ ಅಂದ್ರ ಹಿಂಗ ಇಡಬೇಕ್ರಿ" ಎಂದರು. ಶಬ್ಬೀರ ಉಬ್ಬಿಹೋದ.

ಹೊರಗೆ ಬರುತ್ತಲೇ ಗೌರೀಶನ ಫೋನು. "ಟಾಯರ್ ಬಿಚ್ಚಿಸಿ ಕೊಡು. ಅವು ಇವತ್ತಿಗಷ್ಟ ಬಾಡಿಗಿಗೆ ತಂದವು. ಹಳೇವು ಅಂಗಡ್ಯಾಗ ಅದಾವಲ್ಲ, ಅವನ್ನ ಹಾಕ್ಕೋ."

ಹಳೆಯವು ಅಂಗಡಿಯ ಹಿಂದೆ, ಚರಂಡಿಯ ಬದಿಗೆ ಬಿದ್ದಿದ್ದವು. ಯಾರೋ ಅವುಗಳ ಮೇಲೆ ಗುಟ್ಕಾ ಉಗುಳಿದ್ದರು, ನಾಯಿ ಕಾಲೆತ್ತಿ ಹೋಗಿತ್ತು. ಒಂದನ್ನು ಎತ್ತಿದರೆ ತಂತಿ ಅಂಗೈಗೆ ಚುಚ್ಚಿತು. ಅಧಿಕಾರಿಯ ಮುಂದೆ ಹಲ್ಲು ಕಿಸಿದು ನಿಂತದ್ದು ಶಬ್ಬೀರನಿಗೆ ನೆನಪಾಯಿತು. ಟಾಯರನ್ನು ಅಲ್ಲೇ ಬಿಟ್ಟು ಫೋನ್ ಮಾಡಿದ.

"ಸಾವ್ಕಾರ್ರ, ಇವನ್ನ ಹಾಕಿ ನಾ ಮಂದೀನ ಕುಂದ್ರಸಂಗಿಲ್ಲ."

"ನೀ ಒಲ್ಲೆಂದ್ರ ಇನ್ನೊಬ್ಬ ಬರ್ತಾನ. ಕೀಲಿ ಅಂಗಡ್ಯಾಗ ಇಟ್ಟು ಹೋಗು."

ಇನ್ನೊಬ್ಬ ಬಂದ, ಹಳೆಯ ಟಾಯರುಗಳನ್ನೇ ಹಾಕಿಸಿಕೊಂಡ. ಮರುದಿನ ಬೆಳಿಗ್ಗೆ ಖಾನಾಪುರದ ಸ್ಟ್ಯಾಂಡಿನಲ್ಲಿ ಟೆಂಪೋ ತುಂಬುತ್ತಿದ್ದಾಗ ಶಬ್ಬೀರ ಅಲ್ಲಿದ್ದ. "ಇಳದು ಗಾಲಿ ನೋಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೆಲವರು ಬಗ್ಗಿ ನೋಡಿದರು. ನೋಡಿ ಮತ್ತೆ ಹತ್ತಿ ಕೂತರು. "ನೌಕರಿ ಹೋದ ಸಿಟ್ಟಿಗೆ ಹಿಂಗ ಮಾಡಾಕ ಹತ್ಯಾನ" ಎಂದು ಒಬ್ಬ ನಕ್ಕ. ದಿನವೂ ತನ್ನ ಹಿಂದಿನ ಸೀಟಿನಲ್ಲಿ ಕೂತು ಮನೆಯ ಕಷ್ಟಸುಖ ಹೇಳುತ್ತಿದ್ದವರು ಇವರೇ. ಶಬ್ಬೀರನಿಗೆ ಗೌರೀಶನಿಗಿಂತ ಇವರ ಮೇಲೇ ಹೇಸಿಗೆ ಬಂತು.

ಬುಟ್ಟಿ ಹಿಡಿದು ಇಳಿದವಳು ಕಾಯಿಪಲ್ಲೆ ಮಾರುವ ಪದ್ಮವ್ವ ಒಬ್ಬಳೇ. ಅವಳೂ ಬೈದಳು: "ಸುಮ್ನ ಇದ್ದಿದ್ರ ನಾ ಹೋಗಿಬಿಡ್ತಿದ್ನಿ. ಈಗ ಕಣ್ಣಾರೆ ನೋಡಿ ಹೆಂಗ ಹೋಗ್ಲೋ? ಮಾರ್ಕೆಟ್ ಹೊತ್ತಾತು!"

ಶಬ್ಬೀರ ಅವಳ ಬುಟ್ಟಿಯನ್ನು ಬಸ್ಸಿಗೆ ಏರಿಸಿಕೊಟ್ಟ. ಮರುದಿನವೂ ಸ್ಟ್ಯಾಂಡಿಗೆ ಬಂದು ಅದನ್ನೇ ಹೇಳಿದ, ಅದರ ಮರುದಿನವೂ. ಪದ್ಮವ್ವ ಬಸ್ಸಿನಲ್ಲಿ ಕೂತು ಊರಿಗೆಲ್ಲ ತಂತಿಯ ಸುದ್ದಿ ಹೇಳಿದಳು. ಮೆಲ್ಲಗೆ ಟೆಂಪೋದ ಸೀಟುಗಳು ಖಾಲಿಯಾದವು. ಕೊನೆಗೆ ಗೌರೀಶ ಹೊಸ ಟಾಯರು ಕೊಂಡು ಹಾಕಿಸಿದ. ಶಬ್ಬೀರನನ್ನು ಮಾತ್ರ ಕರೆಯಲಿಲ್ಲ.

ಶಬ್ಬೀರ ಈಗ ಅನಗೋಳದಲ್ಲಿ ಇಟ್ಟಿಗೆ ಸಾಗಿಸುವ ಗಾಡಿ ಓಡಿಸುತ್ತಾನೆ. ಮೊನ್ನೆ ಚಹಾದಂಗಡಿಯಲ್ಲಿ ಗೌರೀಶ ಯಾರಿಗೋ, "ಮಂದಿ ಜೀವದ ಮುಂದ ನಾ ರೊಕ್ಕ ನೋಡಂಗಿಲ್ರಿ" ಎನ್ನುತ್ತಿದ್ದ. ಶಬ್ಬೀರ ಅರ್ಧ ಕುಡಿದ ಚಹಾವನ್ನು ಗಟಾರಕ್ಕೆ ಚೆಲ್ಲಿ ಎದ್ದುಹೋದ.