ಹಿಂದಿನ ಸೀಟಿನ ವಾಸನೆ

ನಮ್ಮ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ ಎಂದು ನಾನು ಹೇಳಿದಾಗಲೆಲ್ಲ ನನ್ನ ಗಂಡನದು ಒಂದೇ ಉತ್ತರ: "ನಿನ್ನ ಮೂಗು ಕೆಟ್ಟೈತಿ." ಎದುರಿಗೆ ಅವನನ್ನು ಬಹುವಚನದಲ್ಲೇ ಕರೆಯುತ್ತೇನೆ. ಇಲ್ಲಿ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ.

ಉಟಗಿಯಿಂದ ಜತ್ತಿಗೆ ಹೋಗುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂತ ನಮ್ಮ ಪುಟ್ಟ ಮಗಳು ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಆಗ ಅವಳಿಗೂ ಬೈಗುಳ. "ಅವ್ವನ ಮಾತ್ ಕೇಳಿ ನಾಟಕಾ ಮಾಡಬ್ಯಾಡ. ವಾಸನಿ ಎಲ್ಲೈತಿ, ಹೇಳು?" ಎಂದು ಕನ್ನಡಿಯಲ್ಲೇ ಕಣ್ಣು ಕೆಕ್ಕರಿಸುತ್ತಿದ್ದ. "ಇಲ್ಲಪ್ಪಾ" ಎನ್ನುತ್ತ ಮಗು ಬಾಯಿ ಒರೆಸಿಕೊಳ್ಳುತ್ತಿತ್ತು. ಅವನ ಕುತ್ತಿಗೆ ಹಿಸುಕಬೇಕು ಅನಿಸುತ್ತಿತ್ತು ನನಗೆ. ಸುಳ್ಳು ಯಾಕೆ ಹೇಳಲಿ?

ನಮ್ಮೂರು ಮಹಾರಾಷ್ಟ್ರದಲ್ಲಿ; ಗಡಿಯಾಚೆ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲು ತುಸು ಅಗ್ಗ. ನಮ್ಮ ಕಡೆಯ ಗಂಡಸರು ಅಲ್ಲಿಗೇ ಹೋಗಿ ಟಾಕಿ ತುಂಬಿಸುತ್ತಾರೆ. ಪೈಪು ಟಪ್ ಎಂದು ತಾನೇ ನಿಂತರೂ ಬಿಡುವುದಿಲ್ಲ. ಕಾರಿಗೆ ಹೆಗಲು ಕೊಟ್ಟು ಅಲ್ಲಾಡಿಸಿ, ಚೀಲಕ್ಕೆ ಜೋಳ ಕುಕ್ಕಿ ತುಂಬಿದ ಹಾಗೆ, ಮತ್ತೆ ಹಾಕಿಸುತ್ತಾರೆ. ನನ್ನ ಗಂಡ ಇದರಲ್ಲಿ ಉಸ್ತಾದ. ಬಾಯಿತನಕ ಪೆಟ್ರೋಲು ಬಂದು ತುಳುಕದಿದ್ದರೆ ಅವನಿಗೆ ಸಮಾಧಾನವೇ ಇಲ್ಲ.

ಒಂದು ದಿನ ಸ್ಟೇರಿಂಗ್ ಮುಂದೆ ಹಳದಿ ದೀಪ ಹೊತ್ತಿಕೊಂಡಿತು. ಹೆಂಡತಿಯ ಮಾತಿಗೆ ಜಗ್ಗದವನು ದೀಪಕ್ಕೆ ಹೆದರಿ, ನನ್ನನ್ನೂ ಕೂರಿಸಿಕೊಂಡು, ಜತ್ತಿನ ಗ್ಯಾರೇಜಿಗೆ ಓಡಿದ. ಅಲ್ಲಿಯ ಮೇಸ್ತ್ರಿಯೂ ಅಂಥವನೇ. ವಾಸನೆಯ ಬಗ್ಗೆ ನಾನು ಹೇಳುತ್ತಿದ್ದರೆ ಅವನು ನನ್ನ ಗಂಡನ ಮುಖ ನೋಡುತ್ತಿದ್ದ. ಟಾಕಿಯ ಮುಚ್ಚಳ ಸಡಿಲ ಎಂದು ಬದಲಾಯಿಸಿ ಕಳಿಸಿದ. ದೀಪ ಮತ್ತೆ ಹೊತ್ತಿತು, ಮಗಳು ಮತ್ತೆ ವಾಂತಿ ಮಾಡಿದಳು.

ಎರಡನೆಯ ಸಲ ಮಗಳನ್ನೂ ಕರೆದುಕೊಂಡು ಹೋದಾಗ ಮೇಸ್ತ್ರಿ ಎಂಜಿನ್ ಬಂದ್ ಮಾಡಿ, ಎಲ್ಲಿ ಸೋರುತ್ತದೆ ಎಂದು ನೋಡಲು ಟಾಕಿಯ ಆವಿ ಹೋಗುವ ಪೈಪಿಗೆ ಯಂತ್ರದಿಂದ ಹೊಗೆ ಬಿಟ್ಟ. ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರದ ಹತ್ತಿರ ಒಂದು ಕರಿ ಡಬ್ಬಿಯ ಸಂದಿನಿಂದ ಹೊಗೆ ಎದ್ದಿತು. ಡಬ್ಬಿ ಬಿಚ್ಚಿ ಬಗ್ಗಿಸಿದರೆ ಪೆಟ್ರೋಲು ತೊಟ್ಟಿಕ್ಕಿತು. ಅದರೊಳಗೆ ಇದ್ದಿಲು ಇರುತ್ತದಂತೆ. ಟಾಕಿಯಲ್ಲಿ ಏಳುವ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಕೊಡುವುದು ಅದರ ಕೆಲಸ. ನನ್ನ ಗಂಡ ಅದಕ್ಕೆ ಪೆಟ್ರೋಲನ್ನೇ ಕುಡಿಸಿದ್ದ.

"ಅಲ್ಲಾಡಿಸಿ ತುಂಬಸ್ತೀರೇನ್ರಿ?" ಮೇಸ್ತ್ರಿ ಕೇಳಿದ.

"ಎಲ್ಲಾರೂ ತುಂಬಸ್ತಾರ."

"ಎಲ್ಲಾರ ಗಾಡೀನೂ ಹಿಂಗ ನಾರತಾವ್ರಿ."

ನನ್ನ ಗಂಡ ಡಬ್ಬಿಯನ್ನು ಮೂಸಿ ನೋಡಿದ. ಆಮೇಲೆ ನನ್ನ ಮುಂದೆಯೇ, ನಾಚಿಕೆ ಬಿಟ್ಟು, "ನಾ ಮೊದಲಿಂದ ಅಂತಿದ್ದೆ, ಏನೋ ವಾಸನಿ ಐತಿ ಅಂತ" ಎಂದ.

ಹೊಸ ಡಬ್ಬಿ ಕೂಡಿಸಿ, ದೀಪ ಆರಿಸಿ, ಮೇಸ್ತ್ರಿ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಕಿಟಕಿ ಏರಿಸಿ ಎಂಜಿನ್ ಚಾಲೂ ಮಾಡಿದ. ತುಸು ಹೊತ್ತಿನ ಮೇಲೆ ಬಾಗಿಲು ತೆಗೆದು, "ವಾಸನಿ ಬರ್ತೈತೇನವಾ?" ಎಂದು ಕೇಳಿದ.

ಅವಳು ಮೂಸಿಯೂ ನೋಡಲಿಲ್ಲ. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಬರ್ತೈತಿ ಅನ್ಲ್ಯೋ, ಇಲ್ಲ ಅನ್ಲ್ಯೋ?"