ಅಡುಗೆಮನೆಗೆ ಬಾಗಿದ ಕಂಬ

ನಮ್ಮ ಭಾವ ಪಂಪು ರಿಪೇರಿಯವರು. ಹಗಲೆಲ್ಲ ಕೈಗೆ ಗ್ರೀಸು, ಸಂಜೆಯಾದರೆ ಕಿವಿಗೆ ಹೆಡ್‌ಫೋನು. ಹಿಂದಿನ ಕೋಣೆಯಲ್ಲಿ, ಅತ್ತಿತ್ತ ಮಾತಾಡುವ ರೇಡಿಯೊ ಸೆಟ್ಟಿನ ಮುಂದೆ ಕೂತರೆಂದರೆ ಕಣ್ಣು ಅರೆಮುಚ್ಚಿ, ಮುಖ ನಿದ್ದೆಗೆ ಜಾರುವ ಮಗುವಿನಂತಾಗುತ್ತಿತ್ತು. ದೂರದ ಕಡಲಂಚಿನಲ್ಲಿ ದೀಪಸ್ತಂಭ ಕಾಯುವ ಒಬ್ಬರೊಡನೆ ಇಪ್ಪತ್ತಾರು ವರ್ಷಗಳ ಮಾತು. ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ಅಕ್ಕ ಆ ದೀಪದವರಿಗಿಟ್ಟ ಹೆಸರು ‘ನನ್ನ ಸವತಿ’.

ಎರಡು ವರ್ಷದ ಹಿಂದೆ ಆಂಟೆನಾ ತಂತಿ ಕಟ್ಟಲು ಏಣಿ ಹತ್ತಿದ ಭಾವ ಬಿದ್ದು ಸೊಂಟ ಮುರಿದುಕೊಂಡರು. ಇನ್ನೊಮ್ಮೆ ಏಣಿ ಮುಟ್ಟಿದರೆ ತಾನು ಈ ಮನೆಯಲ್ಲಿರುವುದಿಲ್ಲ ಎಂದಳು ಅಕ್ಕ. ಅವಳು ಹೇಳಿದ ಮೇಲೆ ಮುಗಿಯಿತು. ತಂತಿ ತಗ್ಗಿನಲ್ಲೇ ಉಳಿಯಿತು, ಸುತ್ತ ಮಹಡಿಗಳೆದ್ದವು, ದೀಪದವರ ದನಿ ದಿನೇದಿನೇ ಕ್ಷೀಣವಾಯಿತು.

ಒಂದು ಸಂಜೆ ಗೊರಗೊರದ ನಡುವೆ ಇಷ್ಟು ಕೇಳಿಸಿತು: ಅವರಿಗೆ ನಿವೃತ್ತಿ, ಭಾನುವಾರ ರಾತ್ರಿ ಕೆಲಸ ಒಪ್ಪಿಸಿ, ಸೆಟ್ಟು ಬಿಚ್ಚಿಕೊಂಡು ಮಗಳ ಮನೆಗೆ ಹೋಗುತ್ತಾರೆ, ಅಲ್ಲಿ ತಂತಿ ಕಟ್ಟಲು ಜಾಗವಿಲ್ಲ. ಕೊನೆಯ ಮಾತನ್ನಾದರೂ ನೆಟ್ಟಗೆ ಕೇಳಬೇಕೆಂದು ಭಾವ ಪಂಪುಗಳನ್ನೆಲ್ಲ ಮೂಲೆಗೆ ತಳ್ಳಿದರು.

“ಏಣಿ ಮುಟ್ಟಲ್ಲ ಕಣೆ. ಕಂಬಾನೇ ಕೆಳಗೆ ಬರುತ್ತೆ.”

“ನರಿ ಕೂಗು ಗಿರಿ ಮುಟ್ಟುತ್ತಾ?” ಎಂದಳು ಅಕ್ಕ.

ಹಿತ್ತಿಲಲ್ಲಿ ಎರಡು ಕಬ್ಬಿಣದ ಕಾಲು ಹೂತು, ನಡುವೆ ದಪ್ಪ ಬೋಲ್ಟು ಹಾಕಿ, ಉದ್ದನೆಯ ಪೈಪನ್ನು ಬಾವಿಯ ಏತದ ಹಾಗೆ ಕೂರಿಸಿದರು. ಬುಡಕ್ಕೆ ಭಾರವಾಗಿ ಹಳೇ ಪಂಪಿನ ಬಿಡಿಭಾಗ ತುಂಬಿದ ಡಬ್ಬ. ಬುಡದ ಹಗ್ಗ ಎಳೆದರೆ ಕಂಬ ಏಳುತ್ತದೆ, ಸಡಿಲಿಸಿದರೆ ಮಲಗುತ್ತದೆ. ಜಾಗವನ್ನು ಮೂರು ಸಲ ಅಳೆದಿದ್ದರು. ಆದರೆ ಪಂಪಿನವರ ಬುದ್ಧಿ ನೋಡಿ, ಪೈಪನ್ನಷ್ಟೇ ಅಳೆದರು. ಎತ್ತರಕ್ಕೆಂದು ತುದಿಗೆ ಸಿಕ್ಕಿಸಿದ ಬಿದಿರಿನ ಕೋಲು ನೆನಪಿಗೇ ಬರಲಿಲ್ಲ.

ಭಾನುವಾರ ತಂತಿ ಕಟ್ಟಲೆಂದು ಇಳಿಸಿದರು. ಕಂಬ ಅವಸರವಿಲ್ಲದೆ, ತೇಲುತ್ತಾ, ಆಕಾಶ ಬಿಟ್ಟು ಬಂತು. ಬಂದದ್ದೇ ತೆರೆದ ಕಿಟಕಿಯಿಂದ ಅಡುಗೆಮನೆಯೊಳಗೆ ಮೊಳದುದ್ದ ನುಗ್ಗಿ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ. ಭಾವ ಹಗ್ಗ ಹಿಡಿದು ಪೆಚ್ಚಾಗಿ ನಿಂತಿದ್ದರು.

ಒಲೆಯ ಮುಂದಿದ್ದ ಅಕ್ಕ ಆ ಬಿದಿರಿನ ತುದಿಯನ್ನು ಬಹಳ ಹೊತ್ತು ನೋಡಿದಳು.

“ತಂತಿ ಕೊಡೆ ಇಲ್ಲಿ,” ಎಂದಳು ನನಗೆ. ಮೂಟೆಯ ಬಾಯಿಗೆ ಹಾಕುವ ಹಾಗೆ ಎರಡು ಗಂಟು ಬಿಗಿದಳು. “ಹ್ಞೂಂ, ಎಳೀರಿ.”

ಸಂಜೆ ಭಾವ ಹೆಡ್‌ಫೋನು ಕಿತ್ತು ಸ್ಪೀಕರ್ ಹಾಕಿದರು. ದೀಪದವರ ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು. “ಏನಪ್ಪಾ, ಇವತ್ತು ಹತ್ರಾನೇ ಕೂತಂಗಿದೆ. ಯಾರದು ಪಾತ್ರೆ ಸದ್ದು?”

ಭಾವ ಅಡುಗೆಮನೆಯತ್ತ ತಿರುಗಿ ಅಕ್ಕನಿಗೆ ಕೈಸನ್ನೆ ಮಾಡಿದರು. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದು ಮೈಕಿನ ಮುಂದೆ ಬಗ್ಗಿದಳು. ಭಾವ ಮಾತಾಡುವ ಗುಂಡಿ ಒತ್ತಿ ಹಿಡಿದರು.

“ಅಣ್ಣಾ, ಮಗಳ ಮನೆ ವಿಳಾಸ ಹೇಳಿ. ಇವರು ಬಂದು ಕಂಬ ಮಾಡ್ಕೊಡ್ತಾರೆ. ಅಲ್ಲಿ ಅಡುಗೆಮನೆಗೆ ಕಿಟಕಿ ಇದೆ ತಾನೇ?”

ಭಾವ ಗುಂಡಿ ಬಿಟ್ಟರು. “ಇದೆ ತಂಗಿ,” ಎಂದರು ದೀಪದವರು.