ರಾಹುಕಾಲಕ್ಕೆ ಮುಂಚೆ ಕೂರಿಸಿದ ಪಿನ್

ಪಿಸ್ಟನ್ ಪಿನ್ ಎಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬೆರಳುದ್ದದ ಉಕ್ಕಿನ ಕೊಳವೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವುದು ಅದೇ. ಅದರ ಹೆಸರಲ್ಲಿ ನಾನು ಆಡಿದ ಜಗಳವನ್ನು ಇಟ್ಟಮಡುವಿನ ಅರ್ಧ ರಸ್ತೆ ನಿಂತು ನೋಡಿತ್ತು.

ನಮ್ಮ ವ್ಯಾನಿನ ಇಂಜಿನ್ ಕೈಕೊಟ್ಟಿತ್ತು, ಪಿಸ್ಟನ್ ಪಿನ್ ಸವೆದುಹೋಗಿತ್ತು. ಬೆಳಿಗ್ಗೆ ಆ ವ್ಯಾನ್ ಬಿಟಿಎಂನ ಪಿಜಿಗಳಿಗೆ ನಮ್ಮ ದೋಸೆ ಹಿಟ್ಟು ಮುಟ್ಟಿಸದಿದ್ದರೆ ಅವರು ಬೇರೆಯವರ ಹಿಟ್ಟಿಗೆ ಹೋಗುತ್ತಾರೆ. ನಮ್ಮ ಮನೆ ನಡೆಯುವುದೇ ಅದರಿಂದ. ಮೊಬೈಲ್‌ನಲ್ಲಿ ನಾಲ್ಕು ವಿಡಿಯೊ ನೋಡಿ, ಮಹಾ ಪಂಡಿತನಾಗಿ, ಇಪ್ಪತ್ತು ವರ್ಷದ ಪರಿಚಯದ ಮೆಕ್ಯಾನಿಕ್ ಅಣ್ಣನ ಮುಂದೆ ಹೋಗಿ ಕೂತೆ.

"ಪ್ರೆಸ್ ಪಿನ್ ಹಾಕಿ ಅಣ್ಣ. ರಾಡಲ್ಲೇ ಬಿಗಿಯಾಗಿ ಕೂರುತ್ತೆ. ಲಾಕ್ ಬೀಳೋ ತಲೆನೋವೇ ಇಲ್ಲ."

"ನಿನ್ ತಲೆ! ಈ ರಾಡಿಗೆ ಬುಷ್ ಇದೆ, ಪಿನ್ ಫ್ರೀಯಾಗಿ ತಿರುಗ್ಬೇಕು. ಫ್ಲೋಟಿಂಗ್ ಪಿನ್ನೇ ಸರಿ. ಎರಡೂ ಕಡೆ ಹೊಸ ಲಾಕ್ ಹಾಕಿದ್ರೆ ಎಲ್ಲೂ ಹೋಗಲ್ಲ."

ಪಿನ್ ಆಚೆ ಜಾರದಂತೆ ತಡೆಯುವ ಆ ತಂತಿ ಬಳೆಯ ಹೊಸ ಲಾಕುಗಳು ಮರುದಿನ ಮಧ್ಯಾಹ್ನ ಬರುವುದಿತ್ತು. ಮರುದಿನ ಶುಕ್ರವಾರ.

"ನಾಳೆ ಹತ್ತೂವರೆಗೆ ರಾಹುಕಾಲ ಅಣ್ಣ, ಅಷ್ಟರೊಳಗೆ ಸ್ಟಾರ್ಟ್ ಆಗ್ಲೇಬೇಕು. ಆಮೇಲೆ ಅಷ್ಟಮಿ, ನವಮಿ. ಹಳೇ ಲಾಕೇ ಹಾಕಿ, ಒರಿಜಿನಲ್ ಅಲ್ವಾ?"

"ಒಂದ್ಸಲ ಬಿಚ್ಚಿದ್ದು ಬಿಗಿ ಇರಲ್ಲ ಕಣೋ."

"ಹಾಕಿ ಅಂದ್ರೆ ಹಾಕಿ!"

ಹಾಕಿದರು. ಹತ್ತು ಗಂಟೆಗೆ ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಹತ್ತೇ ದಿನ. ಬನಶಂಕರಿ ಸಿಗ್ನಲ್‌ನಲ್ಲಿ ಇಂಜಿನ್ ಕಟಕಟ ಸದ್ದು ಮಾಡಿ ನಿಂತೇಬಿಟ್ಟಿತು. ಹಿಂದೆ ಹಿಟ್ಟು ಬಿಸಿಲಿಗೆ ಉಕ್ಕುತ್ತಿತ್ತು, ಮುಂದೆ ನಾನು.

ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವ ಮೊದಲೇ ಅರಚಾಡಿದೆ. "ಪ್ರೆಸ್ ಪಿನ್ ಹಾಕಿ ಅಂತ ಬಡ್ಕೊಂಡೆ! ಏನ್ ಮೆಕ್ಯಾನಿಕ್ಕಯ್ಯಾ ನೀನು!" ಇಪ್ಪತ್ತು ವರ್ಷ ಅಣ್ಣ ಎಂದ ಬಾಯಲ್ಲೇ.

ಅವರು ಇಂಜಿನ್ ಬಿಚ್ಚಿದರು. ಪಿಸ್ಟನ್ ಹೊರತೆಗೆದು, ಪಿನ್ ಜಾರಿ ಸಿಲಿಂಡರ್ ಗೋಡೆಯಲ್ಲಿ ಕೊರೆದ ಗೀರು ತೋರಿಸಿದರು. ಅಡಿಯ ಎಣ್ಣೆಯಿಂದ ಹಳೇ ಲಾಕಿನ ತುಂಡು ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಪಿನ್ನಿನದೇನೂ ತಪ್ಪಿರಲಿಲ್ಲ. ಹಳೇ ಲಾಕ್ ಹಾಕಿಸಿದ್ದು ನಾನು. ಥೂ, ನನ್ನ ಜನ್ಮಕ್ಕಿಷ್ಟು!

ಮತ್ತೆ ಅದೇ ಫ್ಲೋಟಿಂಗ್ ಪಿನ್, ಈ ಸಲ ಹೊಸ ಲಾಕು. ಕೆಲಸ ಮುಗಿದದ್ದೂ ಒಂದು ಶುಕ್ರವಾರ, ಹನ್ನೊಂದು ಗಂಟೆಗೆ. ಅಣ್ಣ ಕೈ ಒರೆಸಿಕೊಂಡು ಕೀ ಚಾಚಿದರು.

"ರಾಹುಕಾಲ ನಡೀತಿದೆ. ಕಾಯ್ತೀರಾ ಸಾರ್?"

ಆಗಲೇ ಸ್ಟಾರ್ಟ್ ಮಾಡಿದೆ. ವ್ಯಾನ್ ಇವತ್ತಿಗೂ ಸಖತ್ತಾಗಿ ಓಡುತ್ತಿದೆ, ಬಿಟ್ಟುಹೋಗಿದ್ದ ಪಿಜಿಗಳೂ ವಾಪಸ್ ಬಂದವು. ಅಣ್ಣ ಮಾತ್ರ ಇನ್ನೂ ನನ್ನನ್ನು ಸಾರ್ ಎಂದೇ ಕರೆಯುತ್ತಾರೆ.